ಎಂಟು ವ್ಯಂಜನ, ಹತ್ತು ಸ್ವರ: ಹವಾಯಿ ನುಡಿಯನ್ನು ಕನ್ನಡದ ಕಿವಿಯಿಂದ ಕಲಿಯುವ ಬಗೆ

ಹವಾಯಿ ಭಾಷೆಯ ಪದ ನಮಗೆ ಸಿಗುವುದು ಬಹುಮಟ್ಟಿಗೆ ಇಂಗ್ಲಿಷ್ ಬರಹದ ಮೂಲಕ. ಹಾಗೆ ಬರುವಾಗ ಎರಡು ವಸ್ತುಗಳು ದಾರಿಯಲ್ಲೇ ಬಿದ್ದುಹೋಗುತ್ತವೆ: ಸ್ವರದ ಉದ್ದ ಮತ್ತು ಗಂಟಲಿನ ತಡೆ. ಬಿದ್ದದ್ದನ್ನು ತುಂಬಿಕೊಳ್ಳಲು ನಾವು ಊಹೆಯಿಂದ ದೀರ್ಘ ಎಳೆಯುತ್ತೇವೆ, ಯಕಾರ ಸೇರಿಸುತ್ತೇವೆ. ಅಲೋಹಾ, ಹೂಲಾ, ಯುಕುಲೇಲಿ ಎಲ್ಲ ಹುಟ್ಟಿದ್ದು ಹೀಗೆ. ಕನ್ನಡದವರಿಗೆ ಈ ನಷ್ಟ ಅನಗತ್ಯ. ಮಡಗಾಸ್ಕರ್‌ನಿಂದ ಶಾಂತಸಾಗರದ ರಾಪಾ ನುಯಿ ದ್ವೀಪದವರೆಗೆ ಹರಡಿರುವ ಮಲಯೊ-ಪಾಲಿನೇಷಿಯನ್ ಮನೆತನದ ಈ ಭಾಷೆಯಲ್ಲಿ ಇರುವ ಸ್ವರಗಳು ಐದು ಹ್ರಸ್ವ, ಐದು ದೀರ್ಘ. ಅಂದರೆ ನಮ್ಮ ಅ ಆ, ಇ ಈ, ಉ ಊ, ಎ ಏ, ಒ ಓ. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಹಿಂದಿ ಬರೆಯುವವರಿಗೆ ಹ್ರಸ್ವ ಎ, ಒ ತೋರಿಸಲು ರೂಢಿಯ ಅಕ್ಷರ ಇಲ್ಲ. ಇಂಗ್ಲಿಷಿನವರು ಸ್ವರದ ಮೇಲೆ ಅಡ್ಡಗೆರೆ ಎಳೆಯಬೇಕು. ನಮಗೆ ಎಲ್ಲವೂ ವರ್ಣಮಾಲೆಯಲ್ಲೇ ಇದೆ. ಹೊಸದಾಗಿ ಕಲಿಯಬೇಕಾದ ಧ್ವನಿ ಒಂದೇ ಒಂದು.

ಊರು, ದ್ವೀಪ, ಮೀನು, ವಾದ್ಯಗಳ ಹೆಸರನ್ನು ಕನ್ನಡದಲ್ಲಿ ಬರೆಯುವ ಅನುವಾದಕರಿಗೆ, ಪತ್ರಕರ್ತರಿಗೆ, ವಿಕಿಪೀಡಿಯದಲ್ಲಿ ಬರೆಯುವವರಿಗೆ, ಅಲ್ಲಿಗೆ ಹೋಗಿ ನಾಲ್ಕು ಮಾತು ಸರಿಯಾಗಿ ಆಡಬೇಕೆಂದಿರುವವರಿಗೆ ಈ ಕೆಳಗಿನ ಹೆಜ್ಜೆಗಳು.

ಮೊದಲ ಹೆಜ್ಜೆ: ಕಾಗುಣಿತ ಬರೆಯಿರಿ

ಒಂದು ಹಾಳೆಯಲ್ಲಿ ಅಡ್ಡಕ್ಕೆ ಹತ್ತು ಮನೆ, ಉದ್ದಕ್ಕೆ ಒಂಬತ್ತು ಸಾಲು ಹಾಕಿ. ಮೇಲೆ ಹತ್ತು ಸ್ವರ. ಎಡಗಡೆ ಮೊದಲ ಸಾಲು ಬರಿಯ ಸ್ವರಕ್ಕೆ. ಮಿಕ್ಕ ಎಂಟು ಸಾಲು ಎಂಟು ವ್ಯಂಜನಗಳಿಗೆ: ಪ, ಕ, ಮ, ನ, ಲ, ಹ, ವ ಮತ್ತು ʻ. ಕೊನೆಯದು ಗಂಟಲಿನ ತಡೆ. ಅದರ ಹೆಸರು ʻಒಕಿನ, ಕಡಿಯುವುದು ಎಂದು ಅರ್ಥ. ತುಂಬಿಸಿದರೆ 90 ಮನೆ ಆಗುತ್ತದೆ. ವ ಸಾಲಿನಲ್ಲಿ ವು, ವೊ ಮೊದಲಾದ ಕೆಲವು ಮನೆಗಳಿಗೆ ಪದಗಳು ಸಿಗುವುದೇ ಅಪರೂಪ, ಅವನ್ನು ಹಾಗೇ ಬಿಡಿ. ಐ, ಔ ತರಹದ ಜೋಡಿಸ್ವರಗಳನ್ನು ಈಗ ಸೇರಿಸಬೇಡಿ.

ಈ ಪಟ್ಟಿಯಲ್ಲಿ ಇಲ್ಲದ್ದನ್ನೂ ಗಮನಿಸಿ. ಒತ್ತಕ್ಷರ ಇಲ್ಲ. ದ್ವಿತ್ವ ಇಲ್ಲ. ಮಹಾಪ್ರಾಣ ಇಲ್ಲ. ಗ, ಜ, ಡ, ದ, ಬ ಇಲ್ಲ. ಸ, ಶ ಇಲ್ಲ, ರ ಇಲ್ಲ. ಪ್ರತಿ ಅಕ್ಷರವೂ ಸ್ವರದಲ್ಲೇ ಮುಗಿಯಬೇಕು, ಹಾಗಾಗಿ ಪ್ರತಿ ಪದವೂ ಸ್ವರದಲ್ಲೇ ಮುಗಿಯುತ್ತದೆ. ಬಸ್ ಅನ್ನು ಬಸ್ಸು ಮಾಡಿ, ಕಾರ್ ಅನ್ನು ಕಾರು ಮಾಡಿ ಸಮಾಧಾನಪಡುವ ನಾಲಿಗೆಗೆ ಇದು ಹೊಸ ಶಿಸ್ತೇನಲ್ಲ. ಆದರೆ ಬಸ್ಸುವಿನಲ್ಲಿ ನಾವು ಹಾಕುವ ದ್ವಿತ್ವವನ್ನು ಇಲ್ಲಿ ಹಾಕಬಾರದು.

ಪಟ್ಟಿಯನ್ನು ಮಗ್ಗಿಯಂತೆ ಗಟ್ಟಿಯಾಗಿ ಓದಿ, ದಿನಕ್ಕೆ ಎರಡು ಸಲ, ಒಂದು ವಾರ. ಹವಾಯಿಯವರು ಓದು ಕಲಿತದ್ದೂ ಹೀಗೇ. 1820ರಲ್ಲಿ ಬಂದಿಳಿದ ಅಮೆರಿಕದ ಮಿಷನರಿಗಳು 1822ರ ಜನವರಿ 7ರಂದು ಹೊನೊಲುಲುವಿನಲ್ಲಿ ಮೊದಲ ಪಾಠದ ಹಾಳೆ ಅಚ್ಚುಹಾಕಿದರು. ಬೀ, ಏ, ಬಾ ಎಂದು ಕೂಡಿಸಿ ಓದಿಸುತ್ತಿದ್ದ ಅವರ ಪದ್ಧತಿಯಿಂದಲೇ ಹವಾಯಿ ಭಾಷೆಯಲ್ಲಿ ವರ್ಣಮಾಲೆಗೆ ಪೀʻಆಪಾ ಎಂಬ ಹೆಸರು ನಿಂತಿತು.

ಹಳೆಯ ದಾಖಲೆ ಓದುವವರಿಗೆ ಒಂದು ಎಚ್ಚರಿಕೆ. ಆಗಿನ ಬರಹದಲ್ಲಿ ರಾಜ ಕಮೆಹಮೆಹನ ಹೆಸರು ತಮೆಹಮೆಹ ಎಂದೂ ಹೊನೊಲುಲು ಹೊನೊರುರು ಎಂದೂ ಸಿಗುತ್ತವೆ. ಹವಾಯಿಯವರ ಬಾಯಲ್ಲಿ ತ ಮತ್ತು ಕ ಅರ್ಥ ಬದಲಿಸದೆ ಅದಲುಬದಲಾಗುತ್ತಿದ್ದವು. ಲ ಮತ್ತು ರ ಕೂಡ. ಯಾವುದನ್ನು ಉಳಿಸಬೇಕೆಂದು 1826ರಲ್ಲಿ ಮಿಷನರಿಗಳು ಮತ ಹಾಕಿ ಕ, ಲ, ಪ ಮತ್ತು ವ ಉಳಿಸಿಕೊಂಡರು. ನಿʻಇಹೌ ದ್ವೀಪದ ಮಾತಿನಲ್ಲಿ ತ ಇವತ್ತೂ ಕೇಳುತ್ತದೆ. ಅಲ್ಲಿಯವರು ತ ಅಂದರೆ ಅದು ತಪ್ಪಲ್ಲ, ಅವರನ್ನು ತಿದ್ದಬೇಡಿ.

ಎರಡನೆಯ ಹೆಜ್ಜೆ: ಹ್ರಸ್ವ-ದೀರ್ಘವನ್ನು ಬೇರೆ ಮಾಡಿ

ಕನ್ನಡದಲ್ಲಿ ಕಡು-ಕಾಡು, ಬಿಡು-ಬೀಡು, ಕೊಡು-ಕೋಡು ಬೇರೆ ಎನ್ನುವುದು ಮಗುವಿಗೂ ಗೊತ್ತು. ಅದೇ ಕಿವಿಯನ್ನು ಇಲ್ಲಿ ಬಳಸಿ. ಕಾನೆ ಎಂದರೆ ಗಂಡಸು. ಕನೆ ಎಂದರೆ ಹುಳುಕಡ್ಡಿಯಂಥ ಚರ್ಮರೋಗ. ಇಂಗ್ಲಿಷ್ ಬರಹದಲ್ಲಿ ಎರಡೂ ಒಂದೇ ಆಗಿ ಕಾಣುತ್ತವೆ.

ಮನುಷ್ಯರನ್ನು ಹೇಳುವ ಕೆಲವು ಪದಗಳಲ್ಲಿ ದೀರ್ಘವೇ ಬಹುವಚನದ ಗುರುತು. ವಹಿನೆ ಒಬ್ಬ ಹೆಂಗಸು, ವಾಹಿನೆ ಹೆಂಗಸರು. ಕನಕ ಒಬ್ಬ ಮನುಷ್ಯ, ಕಾನಕ ಮನುಷ್ಯರು. ಕುಪುನ ಅಜ್ಜ ಅಥವಾ ಅಜ್ಜಿ, ಕೂಪುನ ಹಿರಿಯರು. ಮಕುಅ ಹೆತ್ತವರಲ್ಲಿ ಒಬ್ಬರು, ಮಾಕುಅ ಇಬ್ಬರೂ. ಇದು ಎಲ್ಲ ನಾಮಪದಕ್ಕೂ ಹಾಕುವ ನಿಯಮವಲ್ಲ, ಇಂಥ ಬೆರಳೆಣಿಕೆಯ ಪದಗಳಿಗೆ ಮಾತ್ರ. ಜೋಡಿಗಳನ್ನು ಒಂದರ ಹಿಂದೆ ಒಂದು, ತಲಾ ಐದು ಸಲ ಹೇಳಿ, ಫೋನಿನಲ್ಲಿ ಧ್ವನಿಮುದ್ರಿಸಿ, ಒಂದು ಗಂಟೆ ಬಿಟ್ಟು ಕೇಳಿ. ಹೇಳಿದ ಕೂಡಲೇ ಕೇಳಿದರೆ ಮನಸ್ಸು ತಪ್ಪನ್ನು ತಾನೇ ತಿದ್ದಿಕೊಂಡು ಕೇಳುತ್ತದೆ.

ಇಲ್ಲಿ ಎಡವುವುದು ಎಲ್ಲಿ? ಒತ್ತನ್ನು, ಅಂದರೆ ಒಂದು ಅಕ್ಷರವನ್ನು ಜೋರಾಗಿ ಹೇಳುವುದನ್ನು, ಉದ್ದವೆಂದು ಭಾವಿಸುವಲ್ಲಿ. ಅಲೊಹ ಎನ್ನುವಲ್ಲಿ ಲೊ ಮೇಲೆ ಒತ್ತು ಇದೆ, ಆದರೆ ಮೂರೂ ಸ್ವರ ಹ್ರಸ್ವ. ಇಂಗ್ಲಿಷಿನವರು ಒತ್ತು ಬಿದ್ದ ಸ್ವರವನ್ನು ಎಳೆಯುತ್ತಾರೆ, ನಾವು ಅವರಿಂದ ಕೇಳಿ ಅಲೋಹಾ ಎಂದು ಬರೆಯುತ್ತೇವೆ. ಹೊನೊಲುಲು ಎಲ್ಲವೂ ಹ್ರಸ್ವ. ಹುಲ ಎರಡೂ ಹ್ರಸ್ವ. ವೈಕೀಕೀ ಮಾತ್ರ ಕೊನೆಯ ಎರಡೂ ನಿಜವಾದ ದೀರ್ಘ. ಚಿಮ್ಮುವ ನೀರು ಎಂದು ಅದರ ಅರ್ಥ. 2023ರ ಆಗಸ್ಟಿನಲ್ಲಿ ಬೆಂಕಿಗೆ ಆಹುತಿಯಾದ ಪಟ್ಟಣದ ಹೆಸರು ಲಾಹೈನಾ, ಮೊದಲೂ ಕೊನೆಯೂ ದೀರ್ಘ.

ಮತ್ತೊಂದು ತಪ್ಪು ನಮ್ಮದೇ ಆಡುಮಾತಿನದು. ಹೇಳಿದರು ಅನ್ನುವುದನ್ನು ಹೇಳಿದ್ರು ಮಾಡುವ ವೇಗದಲ್ಲಿ ನಡುವಿನ ಹ್ರಸ್ವ ಸ್ವರವನ್ನು ನುಂಗುತ್ತೇವೆ. ಹವಾಯಿ ಪದದಲ್ಲಿ ಹಾಗೆ ನುಂಗಿದರೆ ಇಲ್ಲದ ಒತ್ತಕ್ಷರ ಹುಟ್ಟುತ್ತದೆ. ಕಲಿಕಿಮಕ (ಕ್ರಿಸ್ಮಸ್) ಎಂಬುದನ್ನು ಕಲ್ಕಿಮಕ ಅನ್ನಬೇಡಿ. ಹಾಲು ಅನ್ನುವುದನ್ನು ಆಲು ಅನ್ನುವ ರೂಢಿ ಇರುವವರು ಹಕಾರದ ಮೇಲೂ ಕಣ್ಣಿಡಬೇಕು. ಹಲ ಎಂದರೆ ಕೇದಗೆಯ ಬಳಗದ ಗಿಡ, ಅಲ ಎಂದರೆ ದಾರಿ.

ಮೂರನೆಯ ಹೆಜ್ಜೆ: ʻಒಕಿನ

ಇಡೀ ಕಲಿಕೆಯಲ್ಲಿ ಅರ್ಧದಷ್ಟು ಹೊತ್ತನ್ನು ಇದಕ್ಕೇ ಇಡಿ. ಇದು ಅಲಂಕಾರದ ಚಿಹ್ನೆಯಲ್ಲ, ಕ, ಪ ಗಳಷ್ಟೇ ಪೂರ್ಣ ವ್ಯಂಜನ. ಕ ಹೇಳುವಾಗ ನಾಲಿಗೆಯ ಹಿಂಭಾಗ ಗಾಳಿಯನ್ನು ತಡೆಯುತ್ತದೆ, ಪ ಹೇಳುವಾಗ ತುಟಿ. ʻಒಕಿನದಲ್ಲಿ ತಡೆಯುವುದು ಗಂಟಲೊಳಗಿನ ಧ್ವನಿತಂತುಗಳು. ಮುಚ್ಚಿಕೊಂಡು, ಚಕ್ಕನೆ ಬಿಡುತ್ತವೆ.

ಧ್ವನಿಯನ್ನು ಪತ್ತೆ ಮಾಡುವ ಸುಲಭ ದಾರಿ ಶಾಲೆಯ ಬಾಯಿಪಾಠದಲ್ಲೇ ಇದೆ. ಅ, ಅ, ಅ, ಅ ಎಂದು ಬಿಡಿಬಿಡಿಯಾಗಿ, ಉಸಿರು ಹೊರಗೆ ಬಿಡದೆ, ಮೇಷ್ಟರು ಕೋಲು ಬಡಿದ ತಾಳಕ್ಕೆ ಹೇಳಿ. ಎರಡು ಅ ಗಳ ನಡುವೆ ಗಂಟಲು ಮುಚ್ಚಿ ತೆರೆಯುವುದು ಗೊತ್ತಾಗುತ್ತದೆ. ಸಣ್ಣ ಕೆಮ್ಮು ಬರುವ ಮುಂಚೆ ಗಂಟಲು ಹಿಡಿಯುತ್ತದಲ್ಲ, ಅದೇ ಜಾಗ. ಈಗ ಅದನ್ನು ಪದದೊಳಗೆ ತನ್ನಿ: ಮೊಅ, ಮೊʻಅ. ಮೊದಲನೆಯದು ಕೋಳಿ, ಎರಡನೆಯದು ಬೆಂದದ್ದು. ಮೊದಲನೆಯದರಲ್ಲಿ ಒ ಜಾರಿಕೊಂಡು ಅ ಆಗುತ್ತದೆ. ಎರಡನೆಯದರಲ್ಲಿ ಒ ನಿಲ್ಲುತ್ತದೆ, ಒಂದು ಕ್ಷಣ ಸದ್ದಿಲ್ಲ, ಆಮೇಲೆ ಅ.

ಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಇನ್ನೊಂದು ಜೋಡಿ ಸಾಕು. ಕೊʻಉ ಎಂದರೆ ನನ್ನ, ಕೊಉ ಎಂದರೆ ನಿನ್ನ. ಗಂಟಲು ಸರಿಯಾಗಿ ಮುಚ್ಚದಿದ್ದರೆ ನನ್ನ ಮನೆ ನಿನ್ನ ಮನೆಯಾಗುತ್ತದೆ. ಈ ಧ್ವನಿಗೆ ಪ್ರತ್ಯೇಕ ಅಕ್ಷರ ಕೊಡದಿದ್ದ ಮಿಷನರಿಗಳು ಕೂಡ ಬೈಬಲ್ ಅಚ್ಚುಹಾಕುವಾಗ ಈ ಎರಡು ಪದಗಳನ್ನು ಬೇರೆ ಮಾಡಲು ಒಂದು ಚಿಹ್ನೆ ಇಡಲೇಬೇಕಾಯಿತು.

ಉದ್ದ ಮತ್ತು ತಡೆ ಎರಡನ್ನೂ ಒಟ್ಟಿಗೆ ಪಳಗಿಸಲು ಈ ನಾಲ್ಕು ಪದ ಹೇಳಿ ನೋಡಿ: ಪೌ (ಮುಗಿಯಿತು), ಪʻಉ (ಮಸಿ), ಪʻಊ (ಒದ್ದೆ), ಪಾʻಊ (ಲಂಗ). ನಾಲ್ಕನ್ನೂ ಕಣ್ಣುಮುಚ್ಚಿ ಕೇಳಿದವರು ಬೇರೆಬೇರೆಯಾಗಿ ಗುರುತಿಸಿದರೆ ನಿಮ್ಮ ಉಚ್ಚಾರಣೆ ದಾರಿಗೆ ಬಂದಿದೆ. ಕಂಪ್ಯೂಟರ್ ಇದ್ದವರು ಪ್ರಾಟ್ ಎಂಬ ಉಚಿತ ತಂತ್ರಾಂಶದಲ್ಲಿ ತಮ್ಮ ಧ್ವನಿಯ ಅಲೆ ನೋಡಬಹುದು. ಪʻಉ ಹೇಳಿದಾಗ ನಡುವೆ ಸಣ್ಣ ಖಾಲಿ ಜಾಗ ಕಾಣಬೇಕು. ವೇಗವಾಗಿ ಮಾತಾಡುವ ಸ್ಥಳೀಯರಲ್ಲಿ ಆ ಖಾಲಿಯ ಬದಲು ಧ್ವನಿ ಒಡಕಲಾಗಿ ಗರಗರ ಅನ್ನುವುದೂ ಉಂಟು, ಅದೂ ಸರಿಯೇ. ಕಲಿಯುವವರು ಮೊದಲು ಪೂರ್ತಿ ತಡೆಯನ್ನೇ ಅಭ್ಯಾಸ ಮಾಡಲಿ.

ಪದದ ಮೊದಲಲ್ಲಿ ಬರುವ ʻಒಕಿನ ಕನ್ನಡಿಗರಿಗೆ ಇನ್ನೊಂದು ಬಗೆಯಲ್ಲಿ ಕಷ್ಟ. ಒಂದು ಅನ್ನುವುದನ್ನು ವೊಂದು, ಎಲ್ಲಿ ಅನ್ನುವುದನ್ನು ಯೆಲ್ಲಿ ಅನ್ನುವುದು ನಮ್ಮ ಬಾಯಿಯ ರೂಢಿ. ಅದೇ ರೂಢಿಯಲ್ಲಿ ʻಒಕಿನ ಎಂಬ ಹೆಸರೇ ವೊಕಿನ ಆಗಿಬಿಡುತ್ತದೆ, ʻಎಲುಅ (ಎರಡು) ಯೆಲುಅ ಆಗುತ್ತದೆ. ತುಟಿ ದುಂಡಗಾಗುವ ಮುಂಚೆ ಗಂಟಲು ಹಿಡಿಯಿರಿ. ಅಲ ದಾರಿ, ʻಅಲ ಪರಿಮಳ. ಮಾತಿನ ನಡುವೆ ಬಂದಾಗ ಈ ವ್ಯತ್ಯಾಸ ಸ್ಪಷ್ಟವಾಗಿ ಕೇಳಬೇಕು.

ಇದು ವ್ಯಂಜನವೇ ಎಂದು ಸಂದೇಹ ಇದ್ದರೆ ಅಲ್ಲಿನ ವ್ಯಾಕರಣ ನೋಡಿ. ನಾಮಪದದ ಮುಂದೆ ಕ ಅಥವಾ ಕೆ ಎಂಬ ಗುರುತು ಬರುತ್ತದೆ. ಅ, ಎ, ಒ ಸ್ವರದಿಂದಾಗಲಿ ಕ ವ್ಯಂಜನದಿಂದಾಗಲಿ ಶುರುವಾದರೆ ಕೆ. ಮಿಕ್ಕವಕ್ಕೆ ಸಾಮಾನ್ಯವಾಗಿ ಕ. ದಾರಿಗೆ ಕೆ ಅಲ, ಪ್ರೀತಿಗೆ ಕೆ ಅಲೊಹ. ಆದರೆ ನೆಲಕ್ಕೆ ಕ ʻಆಇನ. ಬರೆದಾಗ ಎರಡೂ ಕಡೆ ಅಕಾರವೇ ಮೊದಲಿದ್ದಂತೆ ಕಾಣುತ್ತದೆ, ಭಾಷೆಯ ಲೆಕ್ಕದಲ್ಲಿ ಎರಡನೆಯದು ವ್ಯಂಜನದಿಂದ ಶುರುವಾಗಿದೆ. ಅಪವಾದಗಳು ಇವೆ, ಅವನ್ನು ಪದದ ಜೊತೆಗೇ ಕಲಿಯಬೇಕು.

ತಡೆ ಇದೆಯೋ ಇಲ್ಲವೋ ತಿಳಿಯದ ಪದಕ್ಕೆ ಒಂದು ಒರೆಗಲ್ಲು ಇದೆ: ನ್ಯೂಜಿಲೆಂಡಿನ ಮಾಓರಿ ಭಾಷೆ. ಹಳೆಯ ಪಾಲಿನೇಷಿಯನ್ ಕಕಾರ ಮಾಓರಿಯಲ್ಲಿ ಕ ಆಗಿಯೇ ಉಳಿದಿದೆ, ಹವಾಯಿಯಲ್ಲಿ ಗಂಟಲಿಗೆ ಇಳಿದು ʻಒಕಿನ ಆಯಿತು. ಮೀನು ಮಾಓರಿಯಲ್ಲಿ ಇಕ, ಹವಾಯಿಯಲ್ಲಿ ಇʻಅ. ದೋಣಿ ಅಲ್ಲಿ ವಕ, ಇಲ್ಲಿ ವʻಅ. ಊಟ ಅಲ್ಲಿ ಕೈ, ಇಲ್ಲಿ ʻಐ. ಖಾಲಿಯಾದ ಕಕಾರದ ಜಾಗಕ್ಕೆ ತಕಾರ ಬಂದು ಕೂತಿತು. ಅಲ್ಲಿನ ತಪು ಇಲ್ಲಿ ಕಪು, ಅಲ್ಲಿನ ಮತೆ (ಸಾವು) ಇಲ್ಲಿ ಮಕೆ. ಮಲಯ ಭಾಷೆಯಲ್ಲಿ ಅದು ಮಾತಿ. ಆದ್ದರಿಂದ ಮಾಓರಿಯಲ್ಲಿ ಕ ಕಂಡರೆ ಹವಾಯಿಯಲ್ಲಿ ತಡೆ ಹುಡುಕಿ, ತ ಕಂಡರೆ ಕ ಹುಡುಕಿ. ಎರವಲು ಪದಗಳಿಗೆ ಈ ಒರೆ ನಡೆಯದು.

ಇಂಥ ಪಲ್ಲಟ ನಮಗೆ ಅಪರಿಚಿತವಲ್ಲ. ಪಾಲ್ ಹಾಲಾದದ್ದು, ಪುಲಿ ಹುಲಿಯಾದದ್ದು ಕನ್ನಡದಲ್ಲೇ. ಜಾವಾ ಭಾಷೆಯಲ್ಲಿ ಏಳಕ್ಕೆ ಪಿತು, ಸಮೋವಾದಲ್ಲಿ ಫಿತು, ಹವಾಯಿಯಲ್ಲಿ ಹಿಕು. ಮೂಲದ ಪಕಾರ ಅಲ್ಲೂ ಫಕಾರದ ಮೂಲಕ ಹಕಾರಕ್ಕೆ ಇಳಿದಿದೆ. ಒಂದಕ್ಕೊಂದು ನೆಂಟಸ್ತಿಕೆ ಇಲ್ಲದ ಎರಡು ಮನೆತನಗಳಲ್ಲಿ ಒಂದೇ ಬಗೆಯ ಬದಲಾವಣೆ.

ನಾಲ್ಕನೆಯ ಹೆಜ್ಜೆ: ಸ್ವರದ ಪಕ್ಕ ಸ್ವರ

ಸ್ವರದ ಮುಂದೆ ಸ್ವರ ಬಂದರೆ ನಾವು ಸುಮ್ಮನಿರುವುದಿಲ್ಲ. ಮನೆ ಮತ್ತು ಅಲ್ಲಿ ಸೇರಿ ಮನೆಯಲ್ಲಿ, ಗುರು ಮತ್ತು ಅನ್ನು ಸೇರಿ ಗುರುವನ್ನು. ಈ ಆಗಮ ಸಂಧಿಯನ್ನು ನಾಲಿಗೆ ತಾನಾಗಿ ಮಾಡುತ್ತದೆ. ಹವಾಯಿ ಭಾಷೆಯಲ್ಲೂ ತಡೆ ಇಲ್ಲದ ಕಡೆ ಇದು ಸ್ವಲ್ಪಮಟ್ಟಿಗೆ ಸಹಜವೇ: ಇ, ಎ ಆದಮೇಲೆ ತೆಳುವಾದ ಯ, ಉ, ಒ ಆದಮೇಲೆ ತೆಳುವಾದ ವ ಕೇಳುತ್ತದೆ. ಮೊಅ ಹೇಳುವಾಗ ಬಾಯಿ ಮೊವ ಕಡೆಗೆ ಜಾರಿದರೆ ಪರವಾಗಿಲ್ಲ. ಆದರೆ ʻಒಕಿನ ಇರುವ ಕಡೆ ಯ, ವ ನುಸುಳಿದರೆ ವ್ಯಂಜನವೊಂದನ್ನು ಕಿತ್ತು ಇನ್ನೊಂದನ್ನು ನೆಟ್ಟಂತೆ. ಹವೈʻಇ ಎಂಬುದು ನಮ್ಮಲ್ಲಿ ಹವಾಯಿ ಆದದ್ದು ಹೀಗೆ.

ಜೋಡಿಸ್ವರಗಳಲ್ಲಿ ಐ, ಔ ನಮ್ಮವೇ. ಅಎ, ಅಒ ಎಂಬ ಇನ್ನೆರಡನ್ನು ಅವುಗಳೊಂದಿಗೆ ಬೆರೆಸಬಾರದು. ಮೈ ಎಂದರೆ ಈ ಕಡೆಗೆ, ಮಎ ಎಂದರೆ ಬಾಡುವುದು. ಔ ಎಂದರೆ ನಾನು, ಅಒ ಎಂದರೆ ಹಗಲು. ಬಾಯಿ ಇ ವರೆಗೆ ಮುಚ್ಚುತ್ತದೋ ಎ ನಲ್ಲೇ ನಿಲ್ಲುತ್ತದೋ ಎಂಬುದಷ್ಟೇ ವ್ಯತ್ಯಾಸ. ಕನ್ನಡಿ ಮುಂದೆ ನಿಂತು ಹೇಳಿದರೆ ತುಟಿಯಲ್ಲೇ ಕಾಣುತ್ತದೆ.

ಲಾವಾದ ಎರಡು ಹೆಸರುಗಳು ಇಲ್ಲಿ ಒಳ್ಳೆಯ ಅಭ್ಯಾಸ. ಒರಟು ಚೂರುಗಳ ಲಾವಾ ʻಅʻಆ. ನುಣುಪಾಗಿ, ಹಗ್ಗದ ಮಡಿಕೆಯಂತೆ ಹರಿದು ಗಟ್ಟಿಯಾದದ್ದು ಪಾಹೊಎಹೊಎ. ಬೆಳಗಾವಿ, ವಿಜಯಪುರ, ಬೀದರ ಕಡೆಯ ನೆಲದಡಿ ಇರುವ ದಖ್ಖನ್ ಲಾವಾ ಪದರಗಳನ್ನು ವಿವರಿಸುವಾಗಲೂ ಭೂವಿಜ್ಞಾನಿಗಳು ಬಳಸುವುದು ಇವೇ ಪದಗಳನ್ನು. ತರಗತಿಯಲ್ಲಿ ಆ ಆ ಎಂದು ಓದುವ ಬದಲು ಎರಡು ತಡೆ, ಒಂದು ಹ್ರಸ್ವ, ಒಂದು ದೀರ್ಘ ಎಂದು ಒಮ್ಮೆ ತೋರಿಸಿಕೊಟ್ಟರೆ ವಿದ್ಯಾರ್ಥಿಗಳು ಮರೆಯುವುದಿಲ್ಲ.

ವಕಾರದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಇ, ಎ ಆದಮೇಲೆ ಹಲ್ಲು ತುಟಿಗೆ ತಗಲುವಂತೆ, ಉ, ಒ ಆದಮೇಲೆ ತುಟಿ ದುಂಡಗಾಗುವಂತೆ, ಬೇರೆ ಕಡೆ ಎರಡರಲ್ಲಿ ಯಾವುದಾದರೂ. ಕನ್ನಡದ ವ ಇವೆರಡರ ನಡುವೆ ಇರುವುದರಿಂದ ಎಲ್ಲ ಕಡೆಗೂ ಒಗ್ಗುತ್ತದೆ. ಬೇಗ ಎಂಬ ಅರ್ಥದ ವಿಕಿವಿಕಿ ಪದವನ್ನು ಹೊನೊಲುಲು ವಿಮಾನ ನಿಲ್ದಾಣದ ಬಸ್ಸಿನ ಹೆಸರಿನಿಂದ ಎತ್ತಿಕೊಂಡು 1995ರಲ್ಲಿ ಒಂದು ಜಾಲತಾಣಕ್ಕೆ ಇಟ್ಟರು. ವಿಕಿಪೀಡಿಯದ ವಿಕಿ ಅಲ್ಲಿಂದ ಬಂದದ್ದು. ನಾವು ಹೇಳುವ ವಿಕಿ ಸರಿಯಾಗಿಯೇ ಇದೆ.

ಐದನೆಯ ಹೆಜ್ಜೆ: ಒತ್ತು ಎಲ್ಲಿ, ಮಾತ್ರೆ ಎಣಿಸಿ

ಛಂದಸ್ಸು ಓದಿದವರಿಗೆ ಇದು ಐದು ನಿಮಿಷದ ಕೆಲಸ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಐ, ಔ, ಅಎ, ಅಒ ಗಳಿಗೆ ಎರಡು. ಕೊನೆಯಿಂದ ಎಣಿಸಿ, ಎರಡನೆಯ ಮಾತ್ರೆ ಯಾವ ಅಕ್ಷರದಲ್ಲಿ ಬೀಳುತ್ತದೋ ಅದರ ಮೇಲೆ ಮುಖ್ಯ ಒತ್ತು. ಕನಕ ಪದದಲ್ಲಿ ನ ಮೇಲೆ. ಕಾನೆ ಪದದಲ್ಲಿ ಕಾ ಮೇಲೆ. ವೈಕೀಕೀಯಲ್ಲಿ ಕೊನೆಯ ಕೀ ಮೇಲೆ. ಹವೈʻಇಯಲ್ಲಿ ವೈ ಮೇಲೆ. ವಾಹಿನೆಯಲ್ಲಿ ಮುಖ್ಯ ಒತ್ತು ಹಿ ಮೇಲೆ ಬೀಳುತ್ತದೆ. ಹಾಗೆಂದು ವಾ ಗಿಡ್ಡವಾಗಬಾರದು, ಎರಡು ಮಾತ್ರೆ ಪೂರ್ತಿ ಇರಲೇಬೇಕು. ಕಲಿಯುವವರು ಹೆಚ್ಚಾಗಿ ಸೋಲುವುದು ಇಲ್ಲೇ.

ಈ ಲೆಕ್ಕದ ಬೆಲೆ ತಿಳಿಯಬೇಕಾದರೆ ಲಾನೈ ಮತ್ತು ಲಾನʻಇ ಪಕ್ಕಪಕ್ಕ ಇಡಿ. ಮೊದಲನೆಯದು ಮನೆಯ ಜಗಲಿ, ಒತ್ತು ನೈ ಮೇಲೆ. ಎರಡನೆಯದು ದ್ವೀಪ, ಒತ್ತು ನ ಮೇಲೆ, ಆಮೇಲೆ ತಡೆ, ಆಮೇಲೆ ಇ.

ಉದ್ದ ಪದಗಳಲ್ಲಿ ಹಿಂದಕ್ಕೆ ಎರಡೆರಡು ಮಾತ್ರೆಗೊಂದು ಸಣ್ಣ ಒತ್ತು ಸಿಗುತ್ತದೆ: ಹೊನೊ-ಲುಲು. ಐದು ಅಕ್ಷರದ ಪದಗಳು ಮಾತ್ರ ಎರಡು ಬಗೆಯಲ್ಲಿ ಒಡೆಯುತ್ತವೆ. ರಾಜನ ಹೆಸರು ಕ-ಮೆಹ-ಮೆಹ. ಮುದುಕ ಎಂಬ ಪದ ʻಎಲೆ-ಮಕುಲೆ. ಯಾವುದು ಹೇಗೆ ಎಂದು ಊಹಿಸಲಾಗದು. 1957ರಲ್ಲಿ ಮೊದಲು ಬಂದ ಪುಕುಇ ಮತ್ತು ಎಲ್ಬರ್ಟ್ ನಿಘಂಟಿನ ನಂತರದ ಆವೃತ್ತಿ ಇಂಥ ಪದಗಳನ್ನು ಚುಕ್ಕಿ ಇಟ್ಟು ಒಡೆದು ತೋರಿಸುತ್ತದೆ, ಅದನ್ನು ನೋಡಿಕೊಳ್ಳಿ.

ಒಂದು ಮೀನಿನ ಹೆಸರಿನಲ್ಲಿ ಎಲ್ಲವನ್ನೂ ಒಟ್ಟಿಗೆ ಪರೀಕ್ಷಿಸಿಕೊಳ್ಳಬಹುದು. ಹವಾಯಿ ರಾಜ್ಯದ ಮೀನು ಹುಮುಹುಮುನುಕುನುಕುಆಪುಅʻಅ. ಒಂದೇ ಉಸಿರಿಗೆ ಓದಲು ಹೋದರೆ ನಾಲಿಗೆ ತೊಡರುತ್ತದೆ. ಒಡೆಯಿರಿ: ಹುಮುಹುಮು ಮೀನಿನ ಜಾತಿ, ನುಕುನುಕು ಮೂತಿ, ಆ ಎಂದರೆ ಹಾಗೆ, ಪುಅʻಅ ಹಂದಿ. ಹಂದಿಯಂಥ ಮೂತಿಯ ಹುಮುಹುಮು. ಹಿಂದಿನಿಂದ ಕಟ್ಟುತ್ತ ಬನ್ನಿ: ಪುಅʻಅ, ಆಪುಅʻಅ, ನುಕುನುಕುಆಪುಅʻಅ, ಆಮೇಲೆ ಪೂರ್ತಿ. ಮುಂದಿನಿಂದ ಕಟ್ಟಿದರೆ ಪ್ರತಿ ಸಲವೂ ಹೊಸ, ಅರಿಯದ ಭಾಗಕ್ಕೆ ಬಂದು ನಿಲ್ಲುತ್ತೀರಿ; ಹಿಂದಿನಿಂದ ಕಟ್ಟಿದರೆ ಗೊತ್ತಿರುವ ಕಡೆಗೆ ಹೋಗುತ್ತೀರಿ. ನಡುವೆ ಒಂದೇ ದೀರ್ಘ, ಕೊನೆಯಲ್ಲಿ ಒಂದೇ ತಡೆ.

ಎರವಲು ಪದಗಳು

ಕಾಫಿ ಹಳ್ಳಿಯ ಬಾಯಲ್ಲಿ ಕಾಪಿ ಆದಂತೆ ಹವಾಯಿಯಲ್ಲಿ ಅದು ಕೊಪೆ. ಫ, ಬ ಬಂದರೆ ಪ. ರ ಬಂದರೆ ಲ. ತ, ದ, ಗ, ಸ, ಜ ಎಲ್ಲ ಬಹುತೇಕ ಕ. ಒತ್ತಕ್ಷರದ ನಡುವೆ ಸ್ವರ, ಕೊನೆಗೂ ಸ್ವರ. ಹೀಗೆ ರೈಸ್ ಲೈಕಿ, ರಾಬರ್ಟ್ ಲೊಪಕ, ಮೆರ್ರಿ ಕ್ರಿಸ್ಮಸ್ ಮೆಲೆ ಕಲಿಕಿಮಕ. ಸ್ಕೂಲ್ ಪದದ ಸ ಬಿದ್ದುಹೋಗಿ ಕುಲ ಆಗಿದೆ. ಈ ಸೂತ್ರ ಅರ್ಥ ಬಿಡಿಸಲು ನೆರವಾಗುತ್ತದೆ, ಹೊಸ ಪದ ಹುಟ್ಟಿಸಲು ನೆಚ್ಚಬೇಡಿ; ಯಾವ ಸ್ವರ ಎಲ್ಲಿ ಸೇರುತ್ತದೆ ಎನ್ನುವುದು ಪದದಿಂದ ಪದಕ್ಕೆ ಬದಲಾಗುತ್ತದೆ.

ಆರನೆಯ ಹೆಜ್ಜೆ: ಕನ್ನಡದಲ್ಲಿ ಬರೆಯುವುದು, ಟೈಪ್ ಮಾಡುವುದು

ಮೂಲ ಬರಹದಲ್ಲಿ ಸ್ವರದ ಮೇಲಿನ ಅಡ್ಡಗೆರೆಯ ಹೆಸರು ಕಹಕೋ. ಅದು ಕಂಡಲ್ಲಿ ಕನ್ನಡದ ದೀರ್ಘ, ಕಾಣದಲ್ಲಿ ಹ್ರಸ್ವ, ಬೇರೆ ಯೋಚನೆ ಬೇಡ. ʻಒಕಿನ ಕಂಡಲ್ಲಿ ಅದೇ ಚಿಹ್ನೆ ಇಟ್ಟು ಮುಂದೆ ಬಿಡಿ ಸ್ವರಾಕ್ಷರ ಬರೆಯಿರಿ. ಚಿಹ್ನೆಯ ಮುಂದೆ ಕೊಂಬು, ಗುಡಿಸು ಹಾಕಬಾರದು, ಏಕೆಂದರೆ ಗುಣಿತದ ಚಿಹ್ನೆಗೆ ಕನ್ನಡದ ವ್ಯಂಜನವೇ ಆಧಾರ. ಅದು ಸಿಗದಿದ್ದರೆ ಪರದೆಯ ಮೇಲೆ ಚುಕ್ಕಿಗಳ ವೃತ್ತ ಮೂಡುತ್ತದೆ. ಪದದ ನಡುವೆ ಬಿಡಿ ಸ್ವರ ಬಂದರೆ ಕಣ್ಣಿಗೆ ಮೊದಲಿಗೆ ಒಗ್ಗದು ಎನ್ನುವವರು ಸಿಇಟಿ, ಸಿಇಒ ಗಳನ್ನು ನೆನೆಯಲಿ, ಪತ್ರಿಕೆಗಳಲ್ಲಿ ದಿನವೂ ಓದುತ್ತೇವೆ.

ಎಂಟು ದೊಡ್ಡ ದ್ವೀಪಗಳ ಹೆಸರು ಹೀಗೆ ಬರುತ್ತವೆ: ಹವೈʻಇ, ಮೌಇ, ಒʻಅಹು, ಕೌಅʻಇ, ಮೊಲೊಕʻಇ, ಲಾನʻಇ, ನಿʻಇಹೌ, ಕಹೊʻಒಲವೆ. ಮೌಇಯಲ್ಲಿ ತಡೆ ಇಲ್ಲ, ಉಳಿದವನ್ನು ನೋಡಿ ಅಲ್ಲೂ ಚಿಹ್ನೆ ಹಾಕುವುದು ಸಾಮಾನ್ಯ ತಪ್ಪು. ಹೊನೊಲುಲುವಿಗೂ ಯಾವ ಚಿಹ್ನೆಯೂ ಬೇಡ. ವಾದ್ಯ ʻಉಕುಲೆಲೆ, ಹಾರುವ ಚಿಗಟ ಎಂದು ಅರ್ಥ. ಹವಾಯಿ ಎಂಬ ರೂಪ ಚಪ್ಪಲಿಯ ಹೆಸರಾಗಿಯೂ ಗಿಟಾರಿನ ಹೆಸರಾಗಿಯೂ ಕನ್ನಡದಲ್ಲಿ ನೆಲೆ ನಿಂತಿದೆ. ಸಾಮಾನ್ಯ ಬರಹದಲ್ಲಿ ಅದು ಹಾಗೇ ಇರಲಿ, ಈ ಲೇಖನದಲ್ಲೂ ಹಾಗೇ ಇಟ್ಟಿದೆ. ನಕಾಶೆ, ವಿಶ್ವಕೋಶ, ಪಠ್ಯಪುಸ್ತಕಗಳಲ್ಲಿ ಮಾತ್ರ ಒಮ್ಮೆಯಾದರೂ ಮೂಲ ರೂಪ ಕೊಡಬೇಕು.

ಚಿಹ್ನೆ ಟೈಪ್ ಮಾಡುವಾಗ ಮೂರು ಅಕ್ಷರಗಳು ಒಂದೇ ತರಹ ಕಂಡು ಮೋಸ ಮಾಡುತ್ತವೆ. ಸರಿಯಾದದ್ದು ಯೂನಿಕೋಡಿನಲ್ಲಿ 699ನೆಯದು. 8216 ಎಡ ಉದ್ಧರಣ ಚಿಹ್ನೆ, 39 ನೇರ ಅಪಾಸ್ಟ್ರಫಿ. ನೇರ ಅಪಾಸ್ಟ್ರಫಿ ಒತ್ತಿದರೆ ಪದ ಸಂಸ್ಕಾರಕಗಳು ತಾವಾಗಿ ಅದನ್ನು ಬಲಕ್ಕೆ ಬಾಗಿದ, 9 ಅಂಕಿಯಂಥ ಚಿಹ್ನೆಯಾಗಿ ಮಾಡಿಬಿಡುತ್ತವೆ. ʻಒಕಿನ 6 ಅಂಕಿಯಂತೆ ಇರಬೇಕು. ಉದ್ಧರಣ ಚಿಹ್ನೆಯನ್ನು ಗಣಕ ಅಕ್ಷರವೆಂದು ಎಣಿಸುವುದಿಲ್ಲ, ಹಾಗಾಗಿ ಪದ ಅಲ್ಲೇ ಎರಡಾಗಿ ತುಂಡಾಗಿ ಹುಡುಕಾಟದಲ್ಲಿ ಸಿಗುವುದಿಲ್ಲ, ಸಾಲಿನ ಕೊನೆಯಲ್ಲಿ ಮುರಿಯಲೂಬಹುದು. ಜಾಲಪುಟದಲ್ಲಿ ʻ ಎಂದು ಬರೆದರೆ ಸಾಕು. ವಿಂಡೋಸ್ ಮತ್ತು ಐಫೋನ್‌ಗಳಲ್ಲಿ ಹವಾಯಿ ಕೀಲಿಮಣೆ ಸೇರಿಸಿಕೊಳ್ಳಬಹುದು. ಪದೇ ಪದೇ ಬರೆಯುವವರಿಗೆ ಅದೇ ಅನುಕೂಲ.

ಹಳೆಯ ಹವಾಯಿ ಪತ್ರಿಕೆಗಳಿಂದ ಹೆಸರು ಎತ್ತುವವರು ಇನ್ನೊಂದು ತಿಳಿದಿರಬೇಕು. 1834ರ ಮೊದಲ ಪತ್ರಿಕೆ ಕ ಲಮ ಹವೈʻಇಯಿಂದ ಹಿಡಿದು ಸುಮಾರು ನೂರು ವರ್ಷದ ಮುದ್ರಣದಲ್ಲಿ ಕಹಕೋ, ʻಒಕಿನ ಬಹುತೇಕ ಇಲ್ಲ. ಮನೆಯಲ್ಲಿ ಅದೇ ಭಾಷೆ ಆಡುತ್ತಿದ್ದ ಓದುಗರಿಗೆ ಅವು ಬೇಕಿರಲಿಲ್ಲ. 1896ರ ಕಾನೂನು ಶಾಲೆಗಳಲ್ಲಿ ಇಂಗ್ಲಿಷನ್ನೇ ಬೋಧನಾ ಮಾಧ್ಯಮ ಮಾಡಿದ ಮೇಲೆ ಮನೆಮಾತು ಕ್ಷೀಣಿಸಿತು. 1978ರಲ್ಲಿ ಭಾಷೆಗೆ ರಾಜ್ಯದ ಸಂವಿಧಾನದಲ್ಲಿ ಅಧಿಕೃತ ಸ್ಥಾನ ಸಿಕ್ಕಿತು. 1984ರಲ್ಲಿ ಕೌಅʻಇ ದ್ವೀಪದಲ್ಲಿ ಪೂನನ ಲೆಒ, ಅಂದರೆ ನುಡಿಗೂಡು ಎಂಬ ಮೊದಲ ಶಿಶುಶಾಲೆ ತೆರೆಯಿತು. ಇಂಗ್ಲಿಷ್ ಮನೆಮಾತಿನ ಮಕ್ಕಳು ಕಾಗದದಿಂದ ಭಾಷೆ ಕಲಿಯಬೇಕಾದಾಗ ಆ ಎರಡು ಚಿಹ್ನೆಗಳೇ ಅವರ ಕಿವಿಯಾದವು. ಆದ್ದರಿಂದ ಹಳೆಯ ಮುದ್ರಣದಲ್ಲಿ ಚಿಹ್ನೆ ಇಲ್ಲ ಎಂದು ಬಿಟ್ಟುಬಿಡದೆ, ನಿಘಂಟಿನಲ್ಲಿ ನೋಡಿ ತುಂಬಿಸಿಕೊಳ್ಳಿ. ನಿಘಂಟಿನಲ್ಲಿ ಸಿಗದ ವ್ಯಕ್ತಿನಾಮಗಳನ್ನು ಮಾತ್ರ ಇದ್ದಂತೆಯೇ ಬಿಡಿ. ತಪ್ಪು ಜಾಗದಲ್ಲಿ ಹಾಕಿದ ತಡೆ ಹೆಸರಿನ ಅರ್ಥವನ್ನೇ ಬದಲಿಸುತ್ತದೆ.

ಕೊನೆಗೆ ವಿಭಕ್ತಿ. ಪದ ಯಾವ ಸ್ವರದಲ್ಲಿ ಮುಗಿಯುತ್ತದೋ ಅದಕ್ಕೆ ತಕ್ಕ ಆಗಮ ಹಾಕಿ: ಹವೈʻಇಯಲ್ಲಿ, ಒʻಅಹುವಿನಿಂದ, ವೈಕೀಕೀಗೆ. ಯಕಾರ, ವಕಾರಗಳು ಪದದ ಹೊರಗೆ, ಪ್ರತ್ಯಯ ಸೇರುವ ಅಂಚಿನಲ್ಲಿ ಬರಲಿ. ದಿನದ ಅಭ್ಯಾಸಕ್ಕೆ ಒಂದರಿಂದ ಹತ್ತು ಸಾಕು, ಬಹುತೇಕ ಎಲ್ಲ ಧ್ವನಿಗಳೂ ಅದರೊಳಗಿವೆ: ʻಎಕಹಿ, ʻಎಲುಅ, ʻಎಕೊಲು, ʻಎಹಾ, ʻಎಲಿಮ, ʻಎಒನೊ, ʻಎಹಿಕು, ʻಎವಲು, ʻಎಇವ, ʻಉಮಿ. ಹತ್ತು ಪದ, ಹತ್ತು ತಡೆ, ಒಂದೇ ದೀರ್ಘ.